ಚೊಚ್ಚಲ ಬಸಿರು ಮತ್ತು ಉಪಕಾರ ಸ್ಮರಣೆ



ಉಪಕಾರ ಸ್ಮರಣೆ ದೊಡ್ಡ ಗುಣ. ಉಂಡ ಮನೆಯ ಜಂತೆ ಎಣಿಸುವವನನ್ನು ನಮ್ಮ ಊರುಗಳು ಎಂದೂ ಮೆಚ್ಚಿಲ್ಲ. ಮೂವತ್ತನಾಲ್ಕು ವರ್ಷ ನಾನು ಕಲಿಸಿದ ಸಂಧಿ, ಸಮಾಸ, ಛಂದಸ್ಸುಗಳಲ್ಲಿ ನಿಮಗೆ ಈಗ ಎಷ್ಟು ನೆನಪಿದೆ ಎಂದು ಕೇಳುವ ಧೈರ್ಯ ನನಗಿಲ್ಲ. ಆದರೆ ಮಾಡಿದ ಉಪಕಾರವನ್ನು ಮರೆಯದಿರುವ ಬುದ್ಧಿ ನಿಮ್ಮಲ್ಲಿ ಉಳಿದಿರುವುದನ್ನು ನಿಮ್ಮ ದೂರವಾಣಿ ಕರೆ ಬಂದಾಗಲೆಲ್ಲ ಕಾಣುತ್ತೇನೆ.

ಈ ವರ್ಷ ನಮ್ಮ ಬಳಗದಲ್ಲಿ ಚೊಚ್ಚಲ ಬಸುರಿಯರು ನಾಲ್ವರಿದ್ದಾರೆ. ಮೂವರು ನನ್ನ ವಿದ್ಯಾರ್ಥಿನಿಯರು, ಒಬ್ಬಳು ನನ್ನ ತಂಗಿಯ ಮೊಮ್ಮಗಳು. ನಾಲ್ವರೂ ಹೊರಗೆ ದುಡಿಯುವವರು. ಕೈಯಲ್ಲಿ ಕೆಲಸವಿದೆ, ಬೆನ್ನಿಗೆ ಮನೆಯಿದೆ, ಈಗ ಮಡಿಲಿಗೆ ಮಗುವೂ ಬರುತ್ತಿದೆ, ಇನ್ನೇನು ಬೇಕು ಎಂಬ ತೃಪ್ತಿ ಅವರ ಮಾತಿನಲ್ಲಿ ತುಂಬಿರುತ್ತದೆ. ಅದನ್ನು ಕೇಳಿದರೆ ನನ್ನ ಹೊಟ್ಟೆ ತಣ್ಣಗಾಗುತ್ತದೆ. ಆದರೂ ನಾಲ್ವರ ಮಾತನ್ನೂ ಕೂಡಿಸಿ ಯೋಚಿಸಿದಾಗ ಒಂದು ಸಂಗತಿ ನನ್ನನ್ನು ಕಾಡತೊಡಗಿತು. ನಮ್ಮ ಹೆಣ್ಣುಮಕ್ಕಳು ತಮಗೆ ನ್ಯಾಯವಾಗಿ ಸಲ್ಲಬೇಕಾದುದನ್ನು ಉಪಕಾರವೆಂದು ತಿಳಿದು ಕೈಮುಗಿಯುತ್ತಿದ್ದಾರೆ; ನಿಜವಾಗಿ ಉಪಕಾರ ಮಾಡುವವರಿಂದ ಪಡೆಯುವುದನ್ನು ಮಾತ್ರ ಹಕ್ಕಿನಂತೆ ಪಡೆಯುತ್ತಿದ್ದಾರೆ. ಧನ್ಯವಾದದ ಕಾಗದವೇನೋ ಚೆನ್ನಾಗಿದೆ, ಮೇಲೆ ಬರೆದ ವಿಳಾಸ ತಪ್ಪಾಗಿದೆ. ಇಂದು ಆ ವಿಳಾಸವನ್ನು ಕುರಿತು ನಾಲ್ಕು ಮಾತು ಬರೆಯಬೇಕೆನಿಸಿದೆ.

ಆ ನಾಲ್ವರಲ್ಲಿ ಒಬ್ಬಳು ನಾನು ನಿವೃತ್ತಳಾಗುವ ಹಿಂದಿನ ವರ್ಷ ಹತ್ತನೆಯ ತರಗತಿಯಲ್ಲಿದ್ದವಳು. ಈಗ ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕಪತ್ರ ವಿಭಾಗದಲ್ಲಿದ್ದಾಳೆ. ಆಕೆಗೆ ಏಳು ತಿಂಗಳು. “ಅಕ್ಕೋರ, ನಮ್ಮ ಕಂಪನಿಯವರು ಭಾಳ ಚಲೋ ಅದಾರ್ರೀ. ಆರು ತಿಂಗಳು ಪಗಾರ ಸಹಿತ ರಜಾ ಕೊಟ್ಟಾರ. ಅವರ ಋಣ ಹೆಂಗ ತೀರಸಬೇಕೋ ತಿಳೀವಲ್ದು” ಎಂದಳು. ಬಾಣಂತನ ಯಾರು ಮಾಡುತ್ತಾರೆಂದು ಕೇಳಿದೆ. “ಅವ್ವ ಬರ್ತಾಳ್ರಿ, ಐದು ತಿಂಗಳು ಇಲ್ಲೇ ಇರ್ತಾಳ” ಎಂದಳು. ಅವ್ವನ ಕೆಲಸ ಏನಾಗುತ್ತದೆ ಎಂದೆ. “ಬಿಡಸಬೇಕ್ರಿ. ಅದೇನು ದೊಡ್ಡ ಕೆಲಸ ಅಲ್ಲಲ್ರಿ” ಎಂಬ ಉತ್ತರ ಬಂತು.

ಅವ್ವನ ಕೆಲಸವೆಂದರೆ ಸರಕಾರಿ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ. ಗಂಡ ತೀರಿಕೊಂಡ ಮೇಲೆ ಆ ಗೌರವಧನಕ್ಕೆ ಹೊಲದ ಕೂಲಿಯನ್ನು ಕೂಡಿಸಿ ಆಕೆ ಈ ಮಗಳನ್ನು ಓದಿಸಿದಳು. ಐದು ತಿಂಗಳು ಬಿಟ್ಟು ಹೋದರೆ ಆ ಜಾಗಕ್ಕೆ ಇನ್ನೊಬ್ಬರು ಬಂದು ನಿಲ್ಲಬಹುದು. ಮರಳಿದಾಗ ಒಲೆ ತನ್ನದಾಗಿ ಉಳಿದಿರುತ್ತದೆ ಎಂಬ ಭರವಸೆಯಿಲ್ಲ. ಮಗಳು ಕೆಟ್ಟವಳಲ್ಲ, ತಾಯಿಯೆಂದರೆ ಅವಳಿಗೆ ಪ್ರಾಣ. ಆದರೆ ತನ್ನ ರಜೆಗಾಗಿ ಕಂಪನಿಗೆ ಋಣಿಯಾದವಳಿಗೆ ತಾಯಿ ಕೊಡುತ್ತಿರುವ ರಜೆ ಕಣ್ಣಿಗೆ ಬಿದ್ದಿರಲಿಲ್ಲ. ಇಬ್ಬರೂ ಕೆಲಸದಿಂದ ದೂರವಿರುವುದು ಒಂದೇ ಮಗುವಿಗಾಗಿ. ಒಬ್ಬಳಿಗೆ ಪೂರ್ಣ ಸಂಬಳ ಬರುತ್ತದೆ, ಇನ್ನೊಬ್ಬಳಿಗೆ ಇದ್ದ ಸಂಪಾದನೆಯೂ ಹೋಗುತ್ತದೆ.

ಮೊದಲು ಕಂಪನಿಯ ಮಾತು. ಆರು ತಿಂಗಳ ಹೆರಿಗೆ ರಜೆ ಯಾವ ಧಣಿಯ ದಾನವೂ ಅಲ್ಲ. ಅದರ ಹಿಂದೆ ನೂರು ವರ್ಷಗಳಿಗೂ ಹೆಚ್ಚಿನ ಹೋರಾಟವಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1919ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆಸಿದ ಮೊದಲ ಸಮ್ಮೇಳನದಲ್ಲಿಯೇ ದುಡಿಯುವ ತಾಯಂದಿರಿಗೆ ಹೆರಿಗೆಯ ಮೊದಲು ಆರು ವಾರ, ಅನಂತರ ಆರು ವಾರ ಬಿಡುವಿರಬೇಕೆಂದು ಒಪ್ಪಂದವಾಯಿತು. ನಮ್ಮಲ್ಲಿ ಮುಂಬಯಿ ಪ್ರಾಂತ್ಯದ ಶಾಸನಸಭೆಯ ಮುಂದೆ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ, 1928ರಲ್ಲಿ, ಡಾ. ಅಂಬೇಡ್ಕರ್ ಅದನ್ನು ಬೆಂಬಲಿಸಿ ಮಾತನಾಡಿದರು. ಹೆರಿಗೆಯ ಹಿಂದೆ ಮುಂದೆ ತಾಯಿಗೆ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತ, ಆದ್ದರಿಂದ ಅದರ ವೆಚ್ಚದ ಬಹುಭಾಗವನ್ನು ಸರಕಾರವೇ ಹೊರುವುದು ನ್ಯಾಯ ಎಂಬುದು ಅವರ ವಾದದ ಸಾರ. ಮರುವರ್ಷ, 1929ರಲ್ಲಿ, ಕಾಯ್ದೆಯಾಯಿತು. ನಮ್ಮ ಹಾವೇರಿ, ರಾಣೆಬೆನ್ನೂರುಗಳನ್ನು ಒಳಗೊಂಡ ಅಂದಿನ ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿಯೇ ಇತ್ತು ಎಂಬುದನ್ನು ನೆನೆದರೆ ಈ ಕಥೆ ದೂರದ್ದೆನಿಸುವುದಿಲ್ಲ.

ಸ್ವಾತಂತ್ರ್ಯಾನಂತರ 1961ರಲ್ಲಿ ಇಡೀ ದೇಶಕ್ಕೆ ಹೆರಿಗೆ ಸೌಲಭ್ಯ ಕಾಯ್ದೆ ಬಂತು. ರಜೆ ಹನ್ನೆರಡು ವಾರ. 2017ರ ತಿದ್ದುಪಡಿಯಲ್ಲಿ ಅದು ಮೊದಲ ಎರಡು ಮಕ್ಕಳಿಗೆ 26 ವಾರಗಳಾಯಿತು. ಆ ಕಾಯ್ದೆಯ ಅಂಶಗಳು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. 26 ವಾರಗಳು ಹಾಗೆಯೇ ಉಳಿದಿವೆ. ಅದರಲ್ಲಿ ಎಂಟು ವಾರಗಳವರೆಗೆ ಹೆರಿಗೆಗೆ ಮುಂಚೆ ಪಡೆಯಬಹುದು. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಈ ರಜೆಯಲ್ಲಿರುವವಳನ್ನು ಅದೇ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ಮರಳಿ ಬಂದ ಮೇಲೆ ಮಗುವಿಗೆ ಹದಿನೈದು ತಿಂಗಳು ತುಂಬುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವುಗಳಿವೆ. ಐವತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು. ಇವನ್ನೆಲ್ಲ ಇಷ್ಟು ವಿವರವಾಗಿ ಬರೆದದ್ದು ಏಕೆಂದರೆ, ನಮ್ಮ ನಾಲ್ವರು ಹುಡುಗಿಯರಲ್ಲಿ ಹಾಲೂಡಿಸುವ ಬಿಡುವಿನ ವಿಷಯ ಒಬ್ಬಳಿಗೂ ತಿಳಿದಿರಲಿಲ್ಲ. ಉಪಕಾರವೆಂದು ಭಾವಿಸಿದವರು ಕೊಟ್ಟಷ್ಟನ್ನು ತೆಗೆದುಕೊಂಡು ಸುಮ್ಮನಾಗುತ್ತಾರೆ. ಹಕ್ಕೆಂದು ತಿಳಿದವರು ಓದಿ ನೋಡುತ್ತಾರೆ.

ಋಣಭಾರ ಹೊತ್ತವಳು ಇನ್ನೊಂದು ಬಗೆಯಲ್ಲಿಯೂ ಸೋಲುತ್ತಾಳೆ. ರಜೆಯ ನಡುವೆ ಕಚೇರಿಯಿಂದ ಕರೆ ಬಂದರೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೆಲಸ ಮಾಡಿ ಕೊಡುತ್ತಾಳೆ. ಮರಳಿದಾಗ ತನ್ನ ಸ್ಥಾನ ಕೆಳಗಿಳಿದಿದ್ದರೂ ಬಾಯಿ ತೆರೆಯುವುದಿಲ್ಲ. ಆರು ತಿಂಗಳು ಕೂತು ಉಂಡೆನಲ್ಲ ಎಂಬ ಸಂಕೋಚ ಅವಳ ಬಾಯನ್ನು ಹೊಲಿದಿರುತ್ತದೆ. ಮಗುವನ್ನು ಹೆತ್ತು ಸಾಕುವವಳು ಕೂತು ಉಣ್ಣುವವಳೇ?

ಧಣಿಯ ಕಷ್ಟವನ್ನೂ ಹೇಳದಿದ್ದರೆ ನ್ಯಾಯವಾಗದು. ಕಾರ್ಮಿಕರ ರಾಜ್ಯ ವಿಮಾ ಯೋಜನೆಗೆ ಒಳಪಟ್ಟವರನ್ನು ಬಿಟ್ಟರೆ, 26 ವಾರಗಳ ಸಂಬಳದ ಭಾರ ಪೂರ್ತಿಯಾಗಿ ಕೆಲಸ ಕೊಟ್ಟವನ ಮೇಲೆಯೇ ಬೀಳುತ್ತದೆ. ಹತ್ತು ಹನ್ನೆರಡು ಜನರ ಸಣ್ಣ ಸಂಸ್ಥೆಗೆ ಇದು ಹಗುರವಲ್ಲ. ಹಾಗಾಗಿ ಹೊಸದಾಗಿ ಮದುವೆಯಾದ ಹುಡುಗಿಯನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹಿಂಜರಿಯುವವರಿದ್ದಾರೆ. ಅಂಬೇಡ್ಕರ್ ಅಂದು ಎತ್ತಿದ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲವೆಂದೇ ಹೇಳಬೇಕು. ನಾಳೆಯ ನಾಗರಿಕನನ್ನು ಹೆತ್ತು ಕೊಡುವ ಕೆಲಸದ ವೆಚ್ಚದಲ್ಲಿ ಸರಕಾರವೂ ಪಾಲು ಹೊರುವುದು ಸರಿ ಎಂಬುದು ನನ್ನ ಅಭಿಪ್ರಾಯ. ಆದರೆ ಈ ಲೆಕ್ಕವನ್ನು ಸರಕಾರ ಮತ್ತು ಧಣಿಗಳು ಕೂಡಿ ಮಾಡಿಕೊಳ್ಳಬೇಕು. ಏಳು ತಿಂಗಳ ಬಸುರಿ ತಲೆ ತಗ್ಗಿಸಿ ಅದನ್ನು ತೀರಿಸುವಂತಾಗಬಾರದು.

ಹಾಗಾದರೆ ಕೆಲಸದ ಜಾಗದಲ್ಲಿ ಉಪಕಾರವೇ ಇಲ್ಲವೇ? ಬೇಕಾದಷ್ಟಿದೆ. ಅದು ರಜೆಯ ಮಂಜೂರಾತಿ ಪತ್ರದಲ್ಲಿ ಇರುವುದಿಲ್ಲ, ಅಷ್ಟೆ.

ನನ್ನ ಮೊದಲ ಮಗ ಹುಟ್ಟಿದ್ದು 1979ರಲ್ಲಿ. ಆಗ ಹಾವೇರಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ನನಗೆ ಎರಡನೆಯ ವರ್ಷದ ನೌಕರಿ. ನಿಂತು ಪಾಠ ಹೇಳುವುದೇ ಅಂದಿನ ಶಿಸ್ತು. ಐದು ತಿಂಗಳಾಗುತ್ತಲೇ ಯಾರೂ ಹೇಳದೆ ನಮ್ಮ ಶಾಲೆಯ ಜವಾನ ಪ್ರತಿಯೊಂದು ಅವಧಿಗೂ ಕಟ್ಟಿಗೆಯ ಕುರ್ಚಿಯೊಂದನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೊತ್ತು ತಂದಿಡುತ್ತಿದ್ದ. ಕೊನೆಯ ಬೆಂಚಿನ ಹುಡುಗಿಯರು ಉಪ್ಪು ಸವರಿದ ಹುಣಸೆಕಾಯಿಗಳನ್ನು ಕಾಗದದಲ್ಲಿ ಸುತ್ತಿ ಮೇಜಿನ ಖಾನೆಯಲ್ಲಿ ಇಟ್ಟುಹೋಗುತ್ತಿದ್ದರು. ಕೇಳಿದರೆ ಒಬ್ಬಳೂ ಒಪ್ಪಿಕೊಳ್ಳುತ್ತಿರಲಿಲ್ಲ. ಮನೆಯಲ್ಲಿ ಕುಳಿತಿದ್ದರೆ ಹೆರಿಗೆಯ ಭಯವನ್ನೇ ಮೆಲುಕು ಹಾಕುತ್ತಿದ್ದೆನೇನೋ. ತರಗತಿಗೆ ಹೋದರೆ ನಲವತ್ತು ಮಕ್ಕಳ ಮುಖಗಳು, ಅವರ ಗದ್ದಲ, ಅವರ ತಪ್ಪು ಕಾಗುಣಿತ. ಪದ್ಯ ಓದುತ್ತಿರುವಾಗ ಹೊಟ್ಟೆಯೊಳಗಿನ ಕೂಸು ಹೊರಳಿದ ದಿನ ನಾನು ಒಂದು ಕ್ಷಣ ಸಾಲು ಮರೆತು ನಿಂತದ್ದುಂಟು. ದುಡಿಮೆಯೂ ಬಸಿರೂ ಒಂದಕ್ಕೊಂದು ವೈರಿಗಳಲ್ಲ ಎಂದು ನನಗೆ ಮನವರಿಕೆಯಾದದ್ದು ಆ ತಿಂಗಳುಗಳಲ್ಲಿ.

ರಜೆ ಮೂರು ತಿಂಗಳು. ಬದಲಿ ಶಿಕ್ಷಕಿ ದೊರೆಯಲಿಲ್ಲ. ನಿವೃತ್ತಿಗೆ ಹತ್ತಿರವಾಗಿದ್ದ ಗಣಿತದ ಮಾಸ್ತರರು ತಮ್ಮ ಬಿಡುವಿನ ಅವಧಿಗಳನ್ನೆಲ್ಲ ಬಿಟ್ಟುಕೊಟ್ಟು ನನ್ನ ಕನ್ನಡದ ತರಗತಿಗಳನ್ನು ತೆಗೆದುಕೊಂಡರು. ಭಾಮಿನಿ ಷಟ್ಪದಿಯನ್ನು ಅವರು ಲೆಕ್ಕವಾಗಿಯೇ ಕಲಿಸಿದರಂತೆ: ಹದಿನಾಲ್ಕು ಮಾತ್ರೆಯ ಸಾಲು ನಾಲ್ಕು, ಇಪ್ಪತ್ತಮೂರು ಮಾತ್ರೆಯ ಸಾಲು ಎರಡು, ಒಟ್ಟು 102. ನಾನು ಮರಳಿ ಬಂದಾಗ ಇಡೀ ತರಗತಿ ಪ್ರಸ್ತಾರ ಹಾಕುವುದರಲ್ಲಿ ನನಗಿಂತ ಚುರುಕಾಗಿತ್ತು. ಕಾಯ್ದೆ ನನಗೆ ಮೂರು ತಿಂಗಳು ಕೊಟ್ಟಿತ್ತು, ಅದಕ್ಕೆ ಯಾರ ಮುಂದೆಯೂ ಬಾಗಬೇಕಾಗಿರಲಿಲ್ಲ. ಆ ಮೂರು ತಿಂಗಳಲ್ಲಿ ನನ್ನ ಮಕ್ಕಳ ಪಾಠ ನಿಲ್ಲದಂತೆ ನೋಡಿಕೊಂಡದ್ದು ಮಾತ್ರ ಆ ಮಾಸ್ತರರ ಉಪಕಾರ. ಯಾವ ನಿಯಮವೂ ಅವರನ್ನು ಅದಕ್ಕೆ ಕಟ್ಟಿಹಾಕಿರಲಿಲ್ಲ. ಅವರು ನಿವೃತ್ತರಾಗಿ ಹೋದ ಮೇಲೆ ನಮ್ಮ ಶಾಲೆಯಲ್ಲಿ ಯಾವ ಕಿರಿಯ ಶಿಕ್ಷಕಿ ಹೆರಿಗೆಗೆ ಹೋದರೂ ಅವಳ ಅವಧಿಗಳಲ್ಲಿ ಕೆಲವನ್ನು ನಾನು ಕೇಳಿ ಪಡೆಯುತ್ತಿದ್ದೆ. ಅವರಿಗೆ ಸಲ್ಲಬೇಕಾದದ್ದು ಹಾಗೆ ಸಲ್ಲಿತು ಎಂದುಕೊಂಡಿದ್ದೇನೆ.

ಈಗ ಮನೆಯ ಮಾತು. ಬಾಣಂತನವನ್ನು ನಾವು ಸಂಭ್ರಮವೆಂದು ಕರೆಯುತ್ತೇವೆ. ಅದು ದುಡಿಮೆ ಎಂಬುದನ್ನು ಹೇಳುವವರು ಕಡಿಮೆ. ನಸುಕಿನಲ್ಲಿ ಎದ್ದು ನೀರು ಕಾಯಿಸಬೇಕು, ಬಾಣಂತಿಗೆ ಎಣ್ಣೆ ತಿಕ್ಕಬೇಕು, ಕೂಸಿಗೆ ಎರೆಯಬೇಕು. ಅಳವಿ ಪಾಯಸ, ಅಂಟಿನುಂಡೆ, ಮೆಣಸಿನ ಸಾರು ಇವೆಲ್ಲ ಮನೆಯವರ ದಿನದ ಅಡುಗೆಯ ಮೇಲೆ ಬೇರೆಯಾಗಿಯೇ ಆಗಬೇಕು. ದಿನಕ್ಕೆ ಹತ್ತು ಹದಿನೈದು ಬಟ್ಟೆ ಒಗೆಯಬೇಕು. ರಾತ್ರಿ ಕೂಸು ಅತ್ತರೆ ಮೊದಲು ಏಳುವವಳೂ ಅವಳೇ. ಐವತ್ತೈದು, ಅರವತ್ತರ ವಯಸ್ಸಿನಲ್ಲಿ, ಮೊಣಕಾಲು ನೋವಿನ ಜೊತೆಗೆ, ತಿಂಗಳುಗಟ್ಟಲೆ ಇದನ್ನು ಮಾಡುವವಳಿಗೆ ವಾರದ ರಜೆಯಿಲ್ಲ. ದೂರದ ನಗರಕ್ಕೆ ಹೋದರಂತೂ ಮಾತನಾಡಲು ನೆರೆಯವರೂ ಇಲ್ಲ.

“ತಾಯಿ ಮಗಳ ನಡುವೆ ಲೆಕ್ಕವೇ?” ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಯಾವ ತಾಯಿಯೂ ಲೆಕ್ಕ ಕೇಳುವುದಿಲ್ಲ, ನಿಜ. ಕೇಳದಿರುವುದು ಅವಳ ದೊಡ್ಡತನ. ಅವಳು ಕೇಳಲಿಲ್ಲವೆಂದು ಕೊಡದಿರುವುದಕ್ಕೆ ಯಾವ ಹೆಸರಿಡೋಣ? ಉಪಕಾರ ಸ್ಮರಣೆಯೆಂದರೆ ಕಾಲಿಗೆರಗುವುದು ಅಥವಾ ಕೊನೆಯ ದಿನ ಒಂದು ಸೀರೆ ಕೊಡುವುದು ಮಾತ್ರವಲ್ಲ. ಅವಳು ಏನನ್ನು ಬಿಟ್ಟು ಬಂದಿದ್ದಾಳೆಂದು ತಿಳಿದು ಅದು ನಷ್ಟವಾಗದಂತೆ ನೋಡಿಕೊಳ್ಳುವುದು.

ಬೆಂಗಳೂರಿನ ಆ ಹುಡುಗಿಗೆ ನಾನು ಹೇಳಿದ್ದು ಇಷ್ಟು. ಅವ್ವ ಕೆಲಸ ಬಿಡುವುದು ಬೇಡ. ಮುಖ್ಯೋಪಾಧ್ಯಾಯರೊಡನೆ ಮೊದಲೇ ಮಾತನಾಡಿ, ನಂಬಿಕೆಯ ಬದಲಿ ಹೆಂಗಸನ್ನು ಗೊತ್ತು ಮಾಡಿ, ಆ ಮಾತು ಕಾಗದದ ಮೇಲೆ ಬರುವಂತೆ ನೋಡಿಕೋ. ಐದು ತಿಂಗಳನ್ನು ಎರಡಕ್ಕೆ ಇಳಿಸು. ಉಳಿದದ್ದನ್ನು ಅತ್ತೆಯವರೂ ನಿನ್ನ ಗಂಡನೂ ಹಂಚಿಕೊಳ್ಳಲಿ. ಅವ್ವ ಇದ್ದಷ್ಟು ತಿಂಗಳು ಅವಳ ಗೌರವಧನಕ್ಕೆ ಕಡಿಮೆಯಿಲ್ಲದ ಹಣ ತಿಂಗಳ ಮೊದಲ ದಿನ ಅವಳ ಬ್ಯಾಂಕಿನ ಖಾತೆಗೆ ಹೋಗಲಿ. ಅವಳ ಕೈಗೆ ಕೊಟ್ಟರೆ ಮರುದಿನ ನಿನ್ನ ಕೂಸಿಗೆ ಬೆಳ್ಳಿಯ ಕಡಗವಾಗಿ ಬರುತ್ತದೆ! ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ “ಅವ್ವ ತಗೊಳ್ಳೂದಿಲ್ರಿ ಅಕ್ಕೋರ” ಎಂದಳು. ತೆಗೆದುಕೊಳ್ಳುವಂತೆ ಮಾಡುವುದೂ ಮಕ್ಕಳ ಕೆಲಸವೇ ಎಂದೆ.

ಗಂಡಂದಿರನ್ನು ಕುರಿತು ಒಂದು ಮಾತು. ಕೇಂದ್ರ ಸರಕಾರದ ನೌಕರನಾದ ತಂದೆಗೆ ಹದಿನೈದು ದಿನಗಳ ಪಿತೃತ್ವ ರಜೆಯಿದೆ. ಖಾಸಗಿ ಸಂಸ್ಥೆಗಳ ತಂದೆಯರಿಗೆ ಇಂಥ ರಜೆಯನ್ನು ನಮ್ಮ ಕಾನೂನು ಕಡ್ಡಾಯ ಮಾಡಿಲ್ಲ, ಮಾಡಬೇಕು. ಆದರೆ ರಜೆ ಬರುವವರೆಗೂ ಕೈಕಟ್ಟಿ ಕುಳಿತಿರಬೇಕೆಂದಿಲ್ಲ. ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಮನೆಯವರು ಆ ಮೂರು ತಿಂಗಳೂ ಪ್ರತಿ ರವಿವಾರ ರಾಣೆಬೆನ್ನೂರಿನ ನನ್ನ ತವರಿಗೆ ಬಂದು, ಕೂಸಿನ ಬಟ್ಟೆಗಳನ್ನು ಬಾವಿಯ ಕಟ್ಟೆಯ ಮೇಲೆ ತಾವೇ ಒಗೆಯುತ್ತಿದ್ದರು. ನೋಡಿ ನಕ್ಕವರಿದ್ದರು. ನನ್ನ ಅವ್ವ ಮಾತ್ರ ಆ ಒಂದು ದಿನ ಮಧ್ಯಾಹ್ನ ಎರಡು ತಾಸು ಮಲಗುತ್ತಿದ್ದಳು. ಮಾವನ ಮನೆಯಲ್ಲಿ ಬಟ್ಟೆ ಒಗೆದ ಅಳಿಯನನ್ನು ಅವಳು ಸಾಯುವವರೆಗೂ ಹೊಗಳುತ್ತಿದ್ದಳು ಎಂಬುದನ್ನು ನಮ್ಮ ಬಂಧುಗಳು ಬಲ್ಲಿರಿ.

ಇನ್ನು ಉಳಿದದ್ದು ಎಲ್ಲಕ್ಕಿಂತ ಮುಖ್ಯವಾದ ಮಾತು. ಹಕ್ಕು ದೊರೆತವಳ ಉಪಕಾರ ಸ್ಮರಣೆ ಅದು ದೊರೆಯದವಳ ಕಡೆ ತಿರುಗಬೇಕು. ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಹುಡುಗಿಯೂ ಬಸುರಿಯಾಗುತ್ತಾಳೆ. ನಿಮ್ಮ ಊರಿನ ಶಾಲೆಯ ಅತಿಥಿ ಶಿಕ್ಷಕಿಯೂ ಆಗುತ್ತಾಳೆ. ದೆಹಲಿಯ ನಗರಸಭೆಯಲ್ಲಿ ದಿನಗೂಲಿಯ ಮೇಲೆ ರಸ್ತೆ ಕೆಲಸ ಮಾಡುತ್ತಿದ್ದ ಹೆಂಗಸರು ಹೆರಿಗೆ ರಜೆಗಾಗಿ ಹೋರಾಡಿದಾಗ, 2000ನೆಯ ಇಸವಿಯಲ್ಲಿ, ಸರ್ವೋಚ್ಚ ನ್ಯಾಯಾಲಯ ಅದು ಅವರಿಗೂ ಸಲ್ಲಬೇಕೆಂದು ತೀರ್ಪು ಕೊಟ್ಟಿತು. ಗುತ್ತಿಗೆಯ ಅವಧಿ ಮುಗಿಯಿತೆಂಬ ಕಾರಣಕ್ಕೆ ಹೆರಿಗೆಯ ಸೌಲಭ್ಯವನ್ನು ಕಡಿದುಹಾಕುವಂತಿಲ್ಲ ಎಂದು 2023ರಲ್ಲಿ ಅದೇ ನ್ಯಾಯಾಲಯ ಹೇಳಿತು. ಆದರೂ ನನ್ನ ಸುತ್ತಮುತ್ತ ಸಂಬಳದ ಹೆರಿಗೆ ರಜೆ ಪಡೆದ ಅತಿಥಿ ಶಿಕ್ಷಕಿಯನ್ನು ನಾನು ಇನ್ನೂ ಕಂಡಿಲ್ಲ. ಮನೆಗೆಲಸದವಳ ಮಾತಂತೂ ಕೇಳಲೇಬೇಡಿ. ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಐದು ಸಾವಿರ ರೂಪಾಯಿ ಕಂತುಗಳಲ್ಲಿ ಬರುತ್ತದೆ. 2017ರ ಗಾಂಧಿ ಜಯಂತಿಯಂದು ನಮ್ಮ ರಾಜ್ಯದಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟದ ಏರ್ಪಾಡಾಯಿತು. ಇವು ಒಳ್ಳೆಯ ಕೆಲಸಗಳು. ಆದರೆ ತಿಂಗಳ ದುಡಿಮೆ ನಿಂತವಳ ಮನೆ ಅಷ್ಟರಲ್ಲಿ ನಡೆಯದು.

ಹಾಗಾಗಿ ನನ್ನ ನಾಲ್ವರು ಹುಡುಗಿಯರಿಗೂ, ಅವರ ಹಿಂದೆ ಬರುವವರಿಗೂ ನಾನು ಹೇಳುವುದಿಷ್ಟು. ನಿಮ್ಮ ರಜೆಯನ್ನು ತಲೆಯೆತ್ತಿ ಪಡೆಯಿರಿ, ಪೂರ್ತಿಯಾಗಿ ಪಡೆಯಿರಿ. ಕಂಪನಿಯ ದೊಡ್ಡವರಿಗೆ ಸೌಜನ್ಯದ ಎರಡು ಮಾತು ಸಾಕು. ನಿಮ್ಮ ಪಾಲಿನ ಕೆಲಸವನ್ನು ಹಂಚಿಕೊಂಡ ಸಹೋದ್ಯೋಗಿಗಳ ಹೆಸರುಗಳನ್ನು ಮಾತ್ರ ಬರೆದಿಟ್ಟುಕೊಳ್ಳಿ, ಅವರ ಸರದಿ ಬಂದಾಗ ನೀವು ನಿಲ್ಲಿರಿ. ಬಾಣಂತನ ಮಾಡುವವರ ಬೆನ್ನಿಗೆ ಯಾರಿದ್ದಾರೆಂದು ನೋಡಿ. ನಿಮ್ಮ ಮನೆಗೆಲಸದವಳಿಗೆ ದಿನ ತುಂಬಿದಾಗ ಅವಳ ಜಾಗವನ್ನು ಉಳಿಸಿ, ಸಂಬಳ ಕೊಟ್ಟು ಕಳುಹಿಸಿ. ಯಾವ ಕಾಯ್ದೆ ಹೇಳುತ್ತದೆ ಎಂದು ಕೇಳಬೇಡಿ.

ನಮ್ಮ ಸೀಮೆಯಲ್ಲಿ ಚೊಚ್ಚಲ ಬಸುರಿಗೆ ಕುಬಸ ಮಾಡುವಾಗ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಮುತ್ತೈದೆಯರು ಉಡಿ ತುಂಬುತ್ತಾರೆ. ಉಡಿ ತುಂಬಿಸಿಕೊಂಡವಳು ಅದನ್ನು ತುಂಬಿದವರಿಗೇ ಮರಳಿ ಕೊಡುವುದಿಲ್ಲ. ಮುಂದೊಂದು ದಿನ ಇನ್ನೊಬ್ಬಳ ಉಡಿಯನ್ನು ತುಂಬುತ್ತಾಳೆ. ಇನ್ನು ಮುಂದೆ ಆ ಇನ್ನೊಬ್ಬಳು ನಮ್ಮ ಬಳಗದವಳೇ ಆಗಿರಬೇಕೆಂದಿಲ್ಲ ಎಂದು ಮಾತ್ರ ನಾನು ಕೇಳುತ್ತಿದ್ದೇನೆ.

ನಾಲ್ವರಿಗೂ ಸುಖಪ್ರಸವವಾಗಲಿ. ಕೂಸುಗಳನ್ನು ಎತ್ತಿಕೊಂಡು ಒಮ್ಮೆ ಊರಿಗೆ ಬನ್ನಿ. ಬರುವಾಗ ನಿಮ್ಮ ಅವ್ವಂದಿರನ್ನೂ ಕರೆತನ್ನಿ. ಅಂದಿನ ಅಡುಗೆ ನಮ್ಮ ಮನೆಯಲ್ಲಿ, ಅವರು ಕುಳಿತು ಉಣ್ಣಲಿ.